ಎಡಗೈ ದಾಟುವ ಜಾಗ

ಬೆಳಿಗ್ಗೆಯಿಂದ ಮಚ್ಛೇಂದ್ರನ ಎಡಗೈ ಅವನ ಮಾತು ಕೇಳುತ್ತಿರಲಿಲ್ಲ. ಚಹಾದ ಬಸಿ ಹಿಡಿದರೆ ಬಸಿ ಅಲುಗುತ್ತಿತ್ತು, ಸುಮ್ಮನೆ ತೊಡೆಯ ಮೇಲಿಟ್ಟುಕೊಂಡರೆ ತನ್ನಷ್ಟಕ್ಕೆ ತಾನೇ ಹಿಂದೆ ಮುಂದೆ ಆಡುತ್ತಿತ್ತು. ನಲವತ್ತು ವರ್ಷ ಹಾರ್ಮೋನಿಯಂ ಪೇಟಿಯ ಗಾಳಿ ಒತ್ತಿದ ಕೈ ಅದು; ಬಲಗೈ ಸ್ವರ ಹುಡುಕುವಾಗ ಹಿಂದೆ ಕೂತು ಉಸಿರು ಕೊಡುವುದಷ್ಟೇ ಅದಕ್ಕೆ ಗೊತ್ತು. ಅಂಥ ಕೈಗೆ ಇವತ್ತು, ಅರವತ್ತಾರನೇ ವಯಸ್ಸಿನಲ್ಲಿ, ಹೊಸ ನೌಕರಿ ಬಂದಿತ್ತು. ಮಧ್ಯಾಹ್ನ ಎರಡು ಗಂಟೆಗೆ ಮಗಳು ಸುಮನ ಪಿಯಾನೋ ಬಾರಿಸುವಾಗ ಅವಳ ಎಡಗಡೆ ಕೂತು ಅವನು ಪುಟ ತಿರುವಬೇಕು. ಅದೂ ಎಡಗೈಯಿಂದಲೇ, ಬಲಗೈ ಚಾಚಿದರೆ ಬಾರಿಸುವವರ ಕಣ್ಣಿಗೆ ಅಡ್ಡ ಬರುತ್ತದಂತೆ. ಹಾಗಾಗಿ ಒಂದು ವಾರದಿಂದ ಅವನು ಪೇಪರು ಓದುವ ನೆಪ ಮಾಡಿಕೊಂಡು, ಹಾಳೆಯ ಮೇಲ್ತುದಿ ಹಿಡಿದು ಎಡಗೈಯಿಂದ ಹೊರಳಿಸುವುದನ್ನು ರೂಢಿ ಮಾಡುತ್ತಿದ್ದ. ಇವತ್ತೂ ಅದೇ ನಡೆದಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿ ಶಾಲುಬಾಯಿ ನೋಡಿಯೇ ನೋಡಿದಳು. "ಪೇಪರ್ ಓದ್ಲಾಕತ್ತೀರೋ, ಗಾಳಿ ಬೀಸ್ಕೋಳ್ಳಾಕತ್ತೀರೋ?" ಅವನು ಹಾಳೆಯನ್ನು ಮತ್ತೊಮ್ಮೆ ಹೊರಳಿಸಿದ. "ಮೂವತ್ತು ವರ್ಷ ಬಸ್ಸಿನಾಗ ಟಿಕೀಟ್ ಹರದ ಕೈ ರಿ ಅದು. ರೂಢಿ ಮ್ಯಾಲ ಹಾಳಿ ಹರದು ಮಗಳ ಕೈಯಾಗ ಕೊಟ್ಟೀರಿ, ನೋಡ್ರಿ ಮತ್ತ!" ಅಂದು ಸೆರಗು ಬಾಯಿಗೆ ಹಚ್ಚಿ ನಕ್ಕಳು. ಅವನೂ ನಗಬೇಕೆಂದು ಬಾಯಿ ತೆರೆದ, ನಗು ಬರಲಿಲ್ಲ. ಹರಿದೇ ಬಿಟ್ಟರೆ ಏನು ಗತಿ? ರಾತ್ರಿಯೆಲ್ಲ ಅವನು ಯೋಚಿಸಿದ್ದೂ ಅದನ್ನೇ.

ಸುಮನ ಬಾರಿಸುವ ಆ ತುಣುಕಿಗೆ ಒಂದು ಹೆಸರಿತ್ತು. ಅದು ಮಚ್ಛೇಂದ್ರನ ನಾಲಿಗೆಗೆ ಹತ್ತಲಿಲ್ಲವಾದ್ದರಿಂದ ಮನೆಯಲ್ಲಿ ಎಲ್ಲರೂ 'ಒಂಬತ್ತು ಹಾಳಿದು' ಎಂದೇ ಕರೆಯುತ್ತಿದ್ದರು. ನೂರೆಪ್ಪತ್ತು ವರ್ಷದ ಹಿಂದೆ ಯುರೋಪಿನ ಯಾವನೋ ಮಹಾ ಪಿಯಾನೋಗಾರ ಬರೆದದ್ದಂತೆ. ಅದೊಂದು ಎಟ್ಯೂಡ್, ಅಂದರೆ ಬೆರಳಿನ ಅಭ್ಯಾಸದ ಪಾಠ, ಆದರೆ ಇದು ಮಂದಿಯ ಮುಂದೆ ಕಛೇರಿಯಲ್ಲಿ ಬಾರಿಸುವ ಅಭ್ಯಾಸ ಎಂದು ಅವಳು ಮೊದಲ ಸಲ ಹೇಳಿದಾಗ ಅವನಿಗೆ ವಿಚಿತ್ರವೆನಿಸಿತ್ತು. "ಅಭ್ಯಾಸದ ಪಲಟಾ ಮನ್ಯಾಗ ಬಾರಸ್ತಾರವ್ವ, ಮಂದಿ ಮುಂದ ಹಾಡು ಬಾರಸ್ತಾರ. ಒಲಿ ತೋರ್ಸಿ ಊಟ ಅಂತಾರೇನು?" ಎಂದಿದ್ದ. "ಇದರಾಗ ಎರಡೂ ಅದಾವಪ್ಪಾ. ಕೇಳೋರಿಗಿ ಹಾಡು, ಬಾರ್ಸೋರಿಗಿ ಪಲಟಾ," ಎಂದಿದ್ದಳು ಅವಳು. ಖರೇ ಮಾತು. ಸ್ವರಗಳು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಉಸಿರು ಬಿಡದೆ ಓಡುತ್ತಲೇ ಇರುತ್ತವೆ. ಅವುಗಳ ಮೇಲೆ, ಏನೂ ಅವಸರವಿಲ್ಲದೆ, ಒಂದು ಹಾಡು ನಡೆಯುತ್ತದೆ. ಆ ಹಾಡಿನ ಒಂದು ಸ್ವರವನ್ನು ಬಲಗೈ ಮುಟ್ಟಿದರೆ ಮುಂದಿನದನ್ನು ಎಡಗೈ ಮುಟ್ಟುತ್ತದೆ. ಕಣ್ಣು ಮುಚ್ಚಿ ಕೇಳಿದರೆ ಮೂರು ಕೈ ಇದ್ದಂತೆ. ಒಂಬತ್ತು ಹಾಳೆಗೆ ನಾಲ್ಕು ತಿರುವು. ಮೂರನೇ ತಿರುವಿನ ಹತ್ತಿರ, ಐದನೇ ಪುಟ ಮುಗಿಯುವಲ್ಲಿ, ಎಡಗೈ ಬಲಗೈಯ ಮೇಲಿಂದ ದಾಟಿ ಹೋಗಿ ಎಲ್ಲಕ್ಕಿಂತ ಮೇಲಿನ ಸ್ವರವನ್ನು ಒಂಟಿ ಬೆರಳಿನಿಂದ ಮುಟ್ಟಬೇಕು. ಒಂದೂವರೆ ವರ್ಷದಿಂದ ಸುಮನ ಅಲ್ಲೇ ಬೀಳುತ್ತಿದ್ದಳು. ಕೈ ಮೇಲೇಳುತ್ತಿತ್ತು, ಒಂದು ಕೂದಲೆಳೆಯಷ್ಟು ಹೊತ್ತು ಗಾಳಿಯಲ್ಲಿ ಅನುಮಾನಿಸುತ್ತಿತ್ತು, ಪಕ್ಕದ ಮನೆಗೆ ಹೋಗಿ ಬೀಳುತ್ತಿತ್ತು; ಸ್ವರದ ಪಟ್ಟಿಗೆ ಪೇಟಿಯವರು ಮನೆ ಎನ್ನುತ್ತಾರೆ. ಆಮೇಲೆ ಅವಳ "ಥೋ" ಕೇಳುತ್ತಿತ್ತು. ಮತ್ತೆ ಮೊದಲಿನಿಂದ. ವಿಲಾಯತಿಯ ಆ ಸಂಗೀತ ಪರೀಕ್ಷೆಗೆ ಹೋದ ವರ್ಷವೂ ಹೆಸರು ಕೊಟ್ಟು, ಇದೇ ಜಾಗದಲ್ಲಿ ಬಿದ್ದು, ವಿಡಿಯೋ ಕಳಿಸದೆ ಬಿಟ್ಟಿದ್ದಳು. ಈ ವರ್ಷ ಕಳಿಸಲು ಇವತ್ತೇ ಕೊನೆಯ ದಿನ, ಸಂಜೆ ಐದರೊಳಗೆ. ಖರೇ ಪಿಯಾನೋದ ಮೇಲೆ, ಒಂದೇ ಸಲಕ್ಕೆ ಬಾರಿಸಿದ್ದಿರಬೇಕು, ಎಲ್ಲೂ ಕತ್ತರಿಸಿರಬಾರದು. ಬೇರೆ ಸದ್ದು ಸೇರಿದ್ದರೆ ಯಾಕೆಂದು ಬರೆಯಬೇಕು, ಒಪ್ಪುವುದು ಬಿಡುವುದು ಅವರ ಮರ್ಜಿ.

ಅವಳು ಯಾಕೆ ಬೀಳುತ್ತಾಳೆಂಬುದು ತನಗೊಬ್ಬನಿಗೇ ಗೊತ್ತು ಎಂದು ಮಚ್ಛೇಂದ್ರ ನಂಬಿದ್ದ. ಔರಾದದ ಸರಕಾರಿ ಸಾಲಿಯಲ್ಲಿ ವಿಜ್ಞಾನ ಕಲಿಸುವ ಮೂವತ್ನಾಲ್ಕು ವರ್ಷದ ಹೆಣ್ಣುಮಗಳು, ದಿನಾ ಎರಡು ಹೊತ್ತು ಬಸ್ಸಿನಲ್ಲಿ ಜೋಲಿ ಹೊಡೆದು ನೌಬಾದದ ಮನೆಗೆ ಬಂದು, ಬೆಳಿಗ್ಗೆ ಐದಕ್ಕೆ ಎದ್ದು ಬಾರಿಸಲು ಕೂಡುವವಳು. ಮನೆಯಲ್ಲಿದ್ದದ್ದು ಪಿಯಾನೋದಷ್ಟೇ ಉದ್ದದ ವಿದ್ಯುತ್ತಿನ ಕೀಬೋರ್ಡು. ಮೊದಲ ಮೂರು ವರ್ಷ ಅವಳು ಕಿವಿಗೆ ಹೆಡ್‌ಫೋನು ಹಾಕಿಕೊಂಡೇ ಬಾರಿಸುತ್ತಿದ್ದಳು. ಹೊರಗೆ ಪಡಸಾಲೆಯಲ್ಲಿ ಮಲಗಿದ್ದ ಅವನಿಗೆ ಕೇಳುತ್ತಿದ್ದದ್ದು ಮನೆಗಳ ಟಕ ಟಕ ಮಾತ್ರ. ಸ್ವರವಿಲ್ಲ, ಬರೀ ಟಕ ಟಕ. ಮಂದಿಗೆ ತೊಂದರೆಯಾಗಬಾರದೆಂದು ಹಾಕಿಕೊಳ್ಳುತ್ತಾಳೆ ಎಂದು ಶಾಲುಬಾಯಿ ಹೇಳುತ್ತಿದ್ದಳು. ತಾನು ಕೇಳಬಾರದೆಂದು ಹಾಕಿಕೊಳ್ಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಆ ಟಕ ಟಕದಲ್ಲೇ ಅವನು ತಾಳ ಹಿಡಿದ, ಎಲ್ಲಿ ಓಡುತ್ತಾಳೆ ಎಲ್ಲಿ ನಿಲ್ಲುತ್ತಾಳೆ ಎಂದು ಗುರುತು ಮಾಡಿಕೊಂಡ, ಕಂಡಕ್ಟರನಾಗಿದ್ದಾಗ ಬೀದರದಿಂದ ಔರಾದದ ದಾರಿಯ ತಿರುವುಗಳನ್ನು ಕಣ್ಣು ಮುಚ್ಚಿ ಹೇಳುತ್ತಿದ್ದಂತೆ. ಹೋದ ದೀಪಾವಳಿಯ ನಂತರ ಒಂದು ಬೆಳಿಗ್ಗೆ, ಏನನ್ನಿಸಿತೋ, ಅವಳು ಆ ವಾಯರು ಕಿತ್ತುಬಿಟ್ಟಳು. ಒಂಬತ್ತು ಹಾಳಿದು ಒಮ್ಮೆಲೇ ಪಡಸಾಲೆಗೆ ಬಂತು. ಅವನು ಚಾದರದೊಳಗೆ ಮುಖ ಮುಚ್ಚಿಕೊಂಡು, ಎಚ್ಚರಾಗಿದ್ದೇನೆಂದು ಗೊತ್ತಾದರೆ ನಿಲ್ಲಿಸಿಬಿಟ್ಟಾಳೆಂದು ಹೆದರಿ, ಸುಳ್ಳು ಗೊರಕೆ ಹೊಡೆದ.

ಸ್ಕೂಟಿಯ ಹಿಂದೆ ಕೂತು, ಪುಟಗಳ ಫೈಲನ್ನು ಎದೆಗವಚಿಕೊಂಡು ಬೀದರ ಪೇಟೆಗೆ ಹೋಗುವಾಗ ಅವನು ಅದನ್ನೇ ನೆನೆಸುತ್ತಿದ್ದ. ಮುಂದೆ ಸುಮನಳ ಬೆನ್ನು ನೆಟ್ಟಗಿತ್ತು. "ಗಟ್ಟಿ ಹಿಡಕೋ ಅಪ್ಪಾ, ಹಾಳಿ ಹಾರ್ಯಾವು." "ಹಿಡದೀನವ್ವ." "ಹಾಳಿ ಅಲ್ಲ, ನೀ ಗಟ್ಟಿ ಹಿಡಕೋ." ಭಾನುವಾರ ಆರಿಸಿದ್ದು ವಿಮಾನಗಳ ಸಲುವಾಗಿ, ಬೇರೆ ದಿನ ವಾಯುಪಡೆಯ ತರಬೇತಿಯ ಹುಡುಗರು ನೆತ್ತಿಯ ಮೇಲೆ ಗುಡುಗಿಸಿಕೊಂಡು ಹೋಗುತ್ತಾರೆ. ಎಷ್ಟು ವಿಚಾರ ಮಾಡಿದ್ದಾಳೆ ಹುಡುಗಿ! ವಿಮಾನ ಬೇಡ, ಫ್ಯಾನು ಬೇಡ, ಪಾರಿವಾಳ ಬೇಡ, ಹೊರಗಿನ ಬೋರಿನ ಮೋಟರು ಬೇಡವೆಂದು ಚರ್ಚಿನ ಸಭಾಭವನದ ಕಾವಲುಗಾರನಿಗೆ ಹೇಳಿಟ್ಟಿದ್ದಾಳೆ. ಇಷ್ಟೆಲ್ಲ ಮಾಡಿ, ಪುಟ ತಿರುವಲು ಮಾತ್ರ ನನ್ನನ್ನು ಯಾಕೆ ಕರೆದಳು? ಸ್ವರಲಿಪಿಯ ಒಂದು ಚುಕ್ಕಿಯೂ ನನಗೆ ಗೊತ್ತಿಲ್ಲ. ಸಾಲಿಯಲ್ಲಿ ಓದು ಬಲ್ಲ ಗೆಳತಿಯರಿದ್ದಾರೆ. "ನಾ ತಲಿ ಬಾಗಸ್ತೀನಿ, ಆಗ ತಿರುವು, ಅಷ್ಟಾ," ಎಂದಿದ್ದಳು. ಅಷ್ಟೇ ಎಂದರೆ ಅಷ್ಟೇನಾ? ಅವತ್ತು ಖಟಕ ಚಿಂಚೋಳಿಯಲ್ಲಿಯೂ ಹೊತ್ತು ಹಿಡಿದದ್ದು ಅಷ್ಟೇ, ಒಂದು ಕೈ ಎತ್ತಿ ಇಡುವಷ್ಟು.

ಭೀಮ ಜಯಂತಿಯ ಮರುದಿನ ಅವರ ಭಾಲ್ಕಿಯ ಹಾಡಿನ ಮೇಳ ಖಟಕ ಚಿಂಚೋಳಿಗೆ ಹೋಗಿತ್ತು. ಬೇವಿನ ಗಿಡದ ಕೆಳಗೆ ಎತ್ತಿನ ಗಾಡಿಗಳನ್ನೇ ಜೋಡಿಸಿ ಕಟ್ಟೆ ಮಾಡಿದ್ದರು. ಸುಮನಳಿಗೆ ಆಗ ಹತ್ತು ವರ್ಷ. ಚಹಾದ ಬಿಡುವಿನಲ್ಲಿ ಅವಳು ಪೇಟಿಯನ್ನು ತಿರುಗಿಸಿ ಇಟ್ಟುಕೊಂಡು, ಬಲಗೈಯಿಂದ ಗಾಳಿ ಒತ್ತುತ್ತ ಎಡಗೈಯಿಂದ ಬಾರಿಸತೊಡಗಿದಳು. ಹುಟ್ಟಿನಿಂದ ಎಡಚಿ ಅವಳು. ಉಣ್ಣುವುದೂ ಬರೆಯುವುದೂ ಎಡಗೈಯೇ. ಯಾರೋ "ಏ, ಎಡಚಿ ನೋಡ್ರಲೇ!" ಎಂದು ನಕ್ಕರು. ನಾಲ್ಕು ಮಂದಿ ನಕ್ಕರು. ಮಚ್ಛೇಂದ್ರನ ಕಿವಿ ಬಿಸಿಯಾಯಿತು. ಬಸಿ ಕೆಳಗಿಟ್ಟು, ಕಟ್ಟೆ ಹತ್ತಿ, ಅವಳ ಎಡಗೈಯನ್ನು ಮನೆಗಳ ಮೇಲಿಂದ ಕಿತ್ತು, ಚಟ್ಟನೆ ಒಂದು ಹೊಡೆದು, "ಅದೇನು ಬಾರ್ಸೂ ಕೈ ಏನು? ಮಂದಿ ಏನಂದಾರು?" ಎಂದ. ಅವಳು ಅಳಲಿಲ್ಲ. ಪೇಟಿಯ ಬಾಯಿ ತಾನೇ ಮುಚ್ಚಿ, ಕೊಂಡಿ ಹಾಕಿ, ಕೆಳಗಿಳಿದು ಹೋಗಿ ಮೇಳ ಬಂದಿದ್ದ ಬಸ್ಸಿನ ಸೀಟಿನ ಮೇಲೆ ಮಲಗಿದಳು. ಆಮೇಲೆ ಅವಳು ಪೇಟಿ ಮುಟ್ಟಲಿಲ್ಲ. ಮತ್ತೆ ಕಟ್ಟೆ ಹತ್ತಿ ಅವನು ಹಾಡಿದ್ದೇನು? ಹುಟ್ಟಿನಿಂದ ಯಾರೂ ಮೇಲಲ್ಲ, ಯಾರೂ ಕೀಳಲ್ಲ ಎಂದು ಗಂಟಲು ಹರಿಯುವಂತೆ ಹಾಡಿದ. ಜನ ಚಪ್ಪಾಳೆ ಹೊಡೆದರು. ಹಾಡುತ್ತ ಹಾಡುತ್ತ, ನಡುವೆ ಒಂದು ಸಾಲಿನಲ್ಲಿ, ತಾನು ಈಗಷ್ಟೇ ಏನು ಮಾಡಿದೆನೆಂಬುದು ಅವನಿಗೆ ಹೊಳೆಯಿತು. ಹುಟ್ಟಿನಿಂದ ಬಂದ ಕೈಯನ್ನು ಕೀಳು ಮಾಡಿದ್ದೆ. ಯಾವ ಮಾತಿನ ಪೆಟ್ಟನ್ನು ನನ್ನ ಅಪ್ಪ, ಅಜ್ಜ ತಿಂದಿದ್ದರೋ ಅದೇ ಮಾತನ್ನು ತಿರುಗಿಸಿ ಹತ್ತು ವರ್ಷದ ಕೂಸಿನ ಬೆರಳಿಗೆ ಕೊಟ್ಟಿದ್ದೆ. ಅವತ್ತು ರಾತ್ರಿಯೇ ಬಸ್ಸಿನಲ್ಲಿ ಅವಳಿಗೆ ಹೇಳಬೇಕಿತ್ತು. ಅವಳು ನಿದ್ದೆಯಲ್ಲಿದ್ದಳು. ಮರುದಿನ ಹೇಳಬಹುದಿತ್ತು, ಡ್ಯೂಟಿ ಇತ್ತು. ಹೀಗೇ ಇಪ್ಪತ್ನಾಲ್ಕು ವರ್ಷ ಆಯಿತು. "ಇಳಿಯಪ್ಪಾ, ಬಂತು," ಎಂದಳು ಸುಮನ. ಸ್ಕೂಟಿ ನಿಂತು ಎಷ್ಟು ಹೊತ್ತಾಗಿತ್ತೋ, ಅವನು ಫೈಲು ಅವಚಿಕೊಂಡು ಕೂತೇ ಇದ್ದ.

ಚರ್ಚಿನ ಹಿಂದಿನ ಹಳೇ ಸಭಾಭವನದಲ್ಲಿ ಅಬ್ದುಲ ಅಜೀಜ ಆಗಲೇ ಬಂದು ಪಿಯಾನೋದ ಹೊಟ್ಟೆ ಬಿಚ್ಚಿ ಕೂತಿದ್ದ. ಚೌಬಾರಾದ ಹತ್ತಿರ ಪೇಟಿ ರಿಪೇರಿಯ ಅಂಗಡಿಯವನು, ಮಚ್ಛೇಂದ್ರನ ಪೇಟಿಗೆ ನಲವತ್ತು ವರ್ಷದಿಂದ ತೊಗಲು ಹಚ್ಚಿದವನು. ಈ ಊರಿನಲ್ಲಿ ಪಿಯಾನೋದ ತಂತಿ ಬಿಗಿಯಲು ಬೇರೆ ಯಾರೂ ಇಲ್ಲದ್ದರಿಂದ ಅದನ್ನೂ ತಾನೇ ಕಲಿತುಕೊಂಡಿದ್ದ. ಬಾಯಿ ತುಂಬ ಪಾನು. "ಆವೋ ಮಚ್ಛೇಂದ್ರ ಭಾಯ್. ಇವತ್ತ ನೀವು ಉಸ್ತಾದರು, ನಾವು ಕೂಲಿ," ಎಂದು ತುಟಿ ಮೇಲೆತ್ತಿಕೊಂಡೇ ಹೇಳಿದ. "ಒಂದು ಮನಿ ಜರಾ ಅಂಟ್ತಿತ್ತು ಬೇಟಿ, ಸಡಿಲ ಮಾಡೀನಿ. ಈಗ ಫಿಕರ್ ಇಲ್ಲ." ಸುಮನ ಮೊಬೈಲನ್ನು ಮೂರು ಕಾಲಿನ ಕೋಲಿಗೆ ಸಿಕ್ಕಿಸಿದಳು, ಅದರ ಕಣ್ಣು ಪಿಯಾನೋದ ಕಡೆ ತಿರುಗಿಸಿದಳು. ಒಮ್ಮೆ ತಿರುವಿ ನೋಡು ಎಂದಳು. ಮಚ್ಛೇಂದ್ರ ಎದ್ದು ನಿಂತು, ರೂಢಿಯಂತೆ ಹೆಬ್ಬೆಟ್ಟನ್ನು ನಾಲಿಗೆಗೆ ಹಚ್ಚಿ, ಹಾಳೆಯ ತುದಿ ಹಿಡಿದ. ಎರಡು ಹಾಳೆ ಒಟ್ಟಿಗೆ ಬಂದವು. "ಅಪ್ಪಾ, ಉಗುಳು ಬ್ಯಾಡ! ಅದು ಟಿಕೀಟ್ ಅಲ್ಲ." ಅಜೀಜ ಪಾನು ಉಳಿಸಿಕೊಳ್ಳಲು ಒದ್ದಾಡುತ್ತ ನಕ್ಕ. ಮಚ್ಛೇಂದ್ರ ಅವಮಾನ ನುಂಗಿಕೊಂಡು ಕೈ ಧೋತರಕ್ಕೆ ಒರೆಸಿದ. ಇಷ್ಟು ವಯಸ್ಸಾದ ಮೇಲೆ ಮಗಳ ಮುಂದೆ ಹೊಸ ಹುಡುಗನಂತೆ ಬೈಸಿಕೊಳ್ಳುವುದರಲ್ಲಿ ಒಂದು ಸುಖವೂ ಇತ್ತು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಸಂಜೆ ಅಲ್ಲೇ ಒಂದು ಮದುವೆ, ನಾಲ್ಕಕ್ಕೆ ಮದುವೆಯವರು ಕುರ್ಚಿ ತರುತ್ತಾರೆ. ಅಷ್ಟರೊಳಗೆ ಮುಗಿಯಬೇಕು.

ಅವಳು ಮೊಬೈಲು ಚಾಲೂ ಮಾಡಿ ಬಂದು, ಸ್ಟೂಲಿನ ಮೇಲೆ ಕೂತು, ಎರಡೂ ಕೈ ಮಡಿಲಲ್ಲಿಟ್ಟುಕೊಂಡಳು. ಪಕ್ಕದಿಂದ ನೋಡುವಾಗ ಅವಳ ಕಿವಿಯ ಹಿಂದೆ ಒಂದೆರಡು ಬಿಳಿ ಕೂದಲು ಕಂಡವು. ಯಾವಾಗ ಬಂದವು ಇವು? ಮಗಳ ಎಡಗಡೆ ಇಷ್ಟು ಹತ್ತಿರ ಅವನು ಎಂದೂ ಕೂತಿರಲಿಲ್ಲ. ಉಣ್ಣುವಾಗಲೂ ಆ ಕೈ ನೋಡಬಾರದೆಂದು ಬಲಗಡೆಯೇ ಕೂಡುತ್ತಿದ್ದನಲ್ಲವೇ? ಅವಳು ಶುರು ಮಾಡಿದಳು. ಮನೆಯ ಕೀಬೋರ್ಡಿನಲ್ಲಿ ಕೇಳಿದ್ದೇ ಬೇರೆ, ಇಲ್ಲಿ ಕೇಳಿದ್ದೇ ಬೇರೆ. ಇಲ್ಲಿ ಕಟ್ಟಿಗೆ ನಡುಗುತ್ತಿತ್ತು, ಅವನು ಕೂತ ಕುರ್ಚಿ ನಡುಗುತ್ತಿತ್ತು, ಅಂಗಾಲಿನಿಂದ ಸ್ವರ ಹತ್ತಿ ಮೇಲೆ ಬರುತ್ತಿತ್ತು. ಅವಳು ತಲೆ ಬಾಗಿಸಿದಳು. ಅವನು ಎದ್ದು ತಿರುವಿದ. ಒಂದೇ ಹಾಳೆ ಬಂತು. ಕೂತ. ಎರಡನೆಯದೂ ಆಯಿತು. ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತರೂ ಒರೆಸಿಕೊಳ್ಳಲಿಲ್ಲ. ಐದನೇ ಪುಟ ಬಂತು. ಅವನ ಎಡಗೈ ತೊಡೆಯ ಮೇಲೆ ಗಾಳಿ ಒತ್ತತೊಡಗಿತು. ಅವನು ಬಿಟ್ಟುಬಿಟ್ಟ, ಒತ್ತಲಿ. ಇದೋ ಬಂತು, ಇಲ್ಲಿ ಅವಳು ಬೀಳುತ್ತಾಳೆ, ಇಲ್ಲಿ ಆ ಕೈ ಗಾಳಿಯಲ್ಲಿ ನಿಲ್ಲುತ್ತದೆ, ಇಲ್ಲಿ ಅದಕ್ಕೆ ಖಟಕ ಚಿಂಚೋಳಿಯ ಪೆಟ್ಟು ನೆನಪಾಗುತ್ತದೆ. ಎಡಗೈ ಎದ್ದಿತು. ಬಲಗೈಯ ಮೇಲಿಂದ ದಾಟಿತು. ಅನುಮಾನಿಸಲಿಲ್ಲ. ಹೊಸ್ತಿಲು ದಾಟಿ ತನ್ನ ಮನೆಯೊಳಗೆ ಹೋದವರಂತೆ ಹೋಗಿ, ಎಲ್ಲಕ್ಕಿಂತ ಮೇಲಿನ ಆ ಸ್ವರವನ್ನು ಒಂದೇ ಬೆರಳಿನಿಂದ, ಮೆತ್ತಗೆ, ಮುಟ್ಟಿತು.

"ವಾಹ್!"

ಯಾರೋ ಕೂಗಿದರು. ತಾನೇ ಎಂದು ಮಚ್ಛೇಂದ್ರನಿಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು. ಬರೀ ವಾಹ್ ಅಲ್ಲ. ಮೇಳದಲ್ಲಿ ಜೊತೆಯವನು ಕಷ್ಟದ ಜಾಗ ದಾಟಿದಾಗ ತೊಡೆ ತಟ್ಟಿ, ಕೈಯನ್ನು ಗಾಳಿಗೆ ಎಸೆದು ಹೇಳುತ್ತಾರಲ್ಲ, ಆ ವಾಹ್. ಪುಟ ತಿರುವಬೇಕಾದ ಎಡಗೈ ತೊಡೆಯ ಮೇಲೆ ಚಟ್ಟೆಂದು ಬಿದ್ದಿತ್ತು, ಮೇಲೆ ಹೋಗಿತ್ತು, ಈಗ ಸಭಾಭವನದ ನಡುವೆ ಬರಿಗೈಯಾಗಿ ತೂಗಾಡುತ್ತಿತ್ತು. ಅಯ್ಯಯ್ಯೋ, ಹಾಳಾದ ಬಾಯಿ! ವಿಮಾನ ನಿಲ್ಲಿಸಿದಳು, ಫ್ಯಾನು ನಿಲ್ಲಿಸಿದಳು, ಮೋಟರು ನಿಲ್ಲಿಸಿದಳು, ಹಡೆದ ಅಪ್ಪನನ್ನು ನಿಲ್ಲಿಸುವುದು ಅವಳಿಗೆ ಹೊಳೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗಾಬರಿಯಿಂದ ಎದ್ದು ಹಾಳೆಗೆ ಕೈ ಹಾಕಿದ. ಸುಮನ ಬಾರಿಸುತ್ತಲೇ, ತಲೆಯನ್ನು ಸಣ್ಣಗೆ ಅತ್ತಿತ್ತ ಆಡಿಸಿದಳು. ಬೇಡ ಎಂದು. ಅವನು ಹಾಗೇ ಕುಸಿದು ಕೂತ. ಹಾಳೆ ಐದನೇ ಪುಟದಲ್ಲೇ ನಿಂತಿತ್ತು, ಸುಮನ ಆರಕ್ಕೆ ಹೋದಳು, ಏಳಕ್ಕೆ ಹೋದಳು. ಅವಳು ಹಾಳೆಯನ್ನು ನೋಡುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿದ್ದವು. ತುಟಿಯ ಒಂದು ಮೂಲೆಯಲ್ಲಿ ಏನೋ ಇತ್ತು, ಸಿಟ್ಟೋ ನಗುವೋ ಅವನಿಗೆ ಬಗೆಹರಿಯಲಿಲ್ಲ. ಕೊನೆಯ ಸ್ವರ ಬಾರಿಸಿ, ಅದು ಪೂರ್ತಿ ಆರುವವರೆಗೂ ಪೆಡಲಿನಿಂದ ಕಾಲು ಎತ್ತದೆ ಕೂತಿದ್ದಳು.

"ಹಾಳ್ ಮಾಡಿದೆ," ಎಂದ ಮಚ್ಛೇಂದ್ರ. "ಸುಮಾ, ನಾ ಹಾಳ್ ಮಾಡಿದೆ. ಒಂದೂವರೆ ವರ್ಷದ್ದು." ಅಜೀಜ ಕಿಟಕಿಯ ಹೊರಗೆ ಪಾನು ಉಗುಳಿ ಬಂದ. "ಬಾಯಾಗ ಪಾನ್ ಇತ್ತು ಅಂತ ನಾ ಉಳದೀನಿ ಭಾಯ್. ಇಲ್ಲಂದ್ರ ನಾನೂ ಒದರ್ತಿದ್ದೆ. ಹಂಗ್ ಬಾರ್ಸಿದ್ಮ್ಯಾಲ ಸುಮ್ಮ ಹ್ಯಾಂಗ ಕೂಡ್ತಾರ?" ಅದು ಸಮಾಧಾನದ ಮಾತು ಎಂದು ಮಚ್ಛೇಂದ್ರನಿಗೆ ಇನ್ನೂ ಸಂಕಟವಾಯಿತು. ಇನ್ನೊಮ್ಮೆ ಬಾರಿಸು ಎಂದು ಮಗಳನ್ನು ಬೇಡಿಕೊಂಡ. ಹೊತ್ತು ಅದ, ಇನ್ನಾ ಮೂರು ಹೊಡೆದಿಲ್ಲ, ನಾನು ಹೊರಗೆ ಹೋಗಿ ನಿಂತಿರುತ್ತೇನೆ, ಬೇಕಾದರೆ ಗೇಟಿನಾಚೆ ನಿಂತಿರುತ್ತೇನೆ ಎಂದ. "ನೀ ಹೊರಗ್ ಹೋಗೂದ್ ಬ್ಯಾಡ. ಇಲ್ಲೇ ಕುಂದ್ರು," ಎಂದಳು ಅವಳು. ಅವನು ಹೆಗಲ ಮೇಲಿನ ಟವೆಲಿನ ಒಂದು ತುದಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡು ಕೂತ. ಅವನನ್ನು ನೋಡಿ ಸುಮನ ಬೇರೆ ಕಡೆ ಮುಖ ತಿರುಗಿಸಿದಳು, ಭುಜ ಅಲುಗಿದವು. ಸಂಭಾಳಿಸಿಕೊಂಡು, ಮೊದಲನೇ ವಿಡಿಯೋ ಉಳಿಸಿ ಮೊಬೈಲನ್ನು ಹೊಸದಾಗಿ ಚಾಲೂ ಮಾಡಿ, ಮತ್ತೆ ಶುರು ಮಾಡಿದಳು. ಒಂದನೇ ತಿರುವು, ಎರಡನೇ ತಿರುವು. ಈ ಸಲ ಅವನ ಕೈ ಕಲ್ಲಾಗಿತ್ತು, ಉಸಿರೂ ಕಲ್ಲಾಗಿತ್ತು. ಐದನೇ ಪುಟದ ಕೊನೆಗೆ ಅವಳ ಎಡಗೈ ಎದ್ದಿತು, ದಾಟಿತು, ಮೇಲಿನ ಸ್ವರದ ಮೇಲೆ ಬಂದು ನಿಂತು, ಕಾದಿತು. ಏನನ್ನು ಕಾದಿತೋ. ಪಕ್ಕದ ಮನೆಗೆ ಹೋಗಿ ಬಿತ್ತು.

"ಥೋ," ಎಂದಳು ಸುಮನ. ಆಮೇಲೆ ಮುಖ ಮುಚ್ಚಿಕೊಂಡು ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಯಾಕಪ್ಪಾ ಸುಮ್ಮ ಕುಂತಿ?" ಎಂದಳು. ಮಚ್ಛೇಂದ್ರ ಟವೆಲು ತೆಗೆದ. ಬಾಯಿ ಒಣಗಿ ನೂಲು ನೂಲಾಗಿತ್ತು. ಅಜೀಜ ಅವರಿಬ್ಬರನ್ನೂ ಒಮ್ಮೆ ನೋಡಿ, ಮದುವೆಯವರು ಬಂದರೇನೋ ನೋಡಿ ಬರುತ್ತೇನೆಂದು ಹೊರಗೆ ಹೋದ.

"ಹಾಳಿ ನೋಡ್ದೇನಾ ಬಾರಿಸ್ತೀಯಲ್ಲವ್ವ ನೀ," ಎಂದ ಅವನು. ಕೇಳಬೇಕಾದ್ದು ಅದಲ್ಲವಾಗಿತ್ತು, ಬಾಯಿಗೆ ಬಂದದ್ದು ಅದು. "ಹೌದು." "ಮತ್ತ ನನ್ನ ಯಾಕ ಕರದಿ?" ಸುಮನ ಪಿಯಾನೋದ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. "ಹಾಳಿ ತಿರುವಾಕ ಬಾ ಅಂದ್ರ ಬರ್ತಿ. ಸುಮ್ಮ ಬಂದು ಬಾಜೂಕ ಕುಂದ್ರು ಅಂದ್ರ ಬರ್ತಿದ್ದೇನು?" ಇಲ್ಲ, ಅವನು ಬರುತ್ತಿರಲಿಲ್ಲ. ಏನೋ ಕೆಲಸ ನೆನಪು ಮಾಡಿಕೊಳ್ಳುತ್ತಿದ್ದ. ಇಪ್ಪತ್ನಾಲ್ಕು ವರ್ಷ ಮಾಡಿದ್ದೇ ಅದು. ಹೇಳದೆ ಉಳಿದದ್ದು ಆಗ, ತಯಾರಿಯಿಲ್ಲದೆ, ಹೊರಗೆ ಬಂತು. "ಸುಮಾ, ಅವತ್ತ ಖಟಕ ಚಿಂಚೋಳ್ಯಾಗ..." ಅವಳು ಅವನ ಕಡೆ ತಿರುಗಿದಳು. "ನಂಗ ನೆನಪದ ಅಪ್ಪಾ. ಒಂದ್ ಮಾತ್ ಕೇಳ್ತೀನಿ, ಖರೇ ಹೇಳು. ಅವತ್ತ ನಾ ತಪ್ಪ ಬಾರ್ಸಿದ್ನೇನು?"

"ಇಲ್ಲವ್ವ." ಅವನಿಗೆ ಆ ಬೇವಿನ ಗಿಡ ಕಂಡಿತು, ತಿರುಗಿಸಿಟ್ಟ ಪೇಟಿ ಕಂಡಿತು, ಆ ಸಣ್ಣ ಬೆರಳು ಕಂಡವು. "ಒಂದ್ ಸ್ವರಾನೂ ತಪ್ಪಿರಲಿಲ್ಲ. ನಾ ಕೇಳೀನಿ. ಹೊಡಿಯೋಕಿಂತ ಮೊದಲ ಕೇಳೀನಿ, ಕೇಳಿನೂ ಹೊಡದೀನಿ. ಅದಾ ನನ್ನ ತಪ್ಪು. ನಿನ್ನ ಕೈ ಚಲೋ ಕೈ ಸುಮಾ. ನನ್ನ ಬುದ್ಧಿ ಹೊಲಸಿತ್ತು." ಹೇಳುತ್ತ ಅವನು ಟವೆಲಿನ ಹಸಿ ತುದಿಯಿಂದಲೇ ಕಣ್ಣು ಒರೆಸಿಕೊಂಡ. ಸುಮನಳ ಮೂಗಿನ ತುದಿ ಕೆಂಪಾಗಿತ್ತು, ಚಿಕ್ಕವಳಿದ್ದಾಗ ಅಳು ತಡೆದರೆ ಆಗುತ್ತಿದ್ದಂತೆ. "ಇಷ್ಟಾ ಕೇಳ್ಬೇಕಾಗಿತ್ತು ನಂಗ," ಎಂದಳು. ಆಮೇಲೆ, "ಅಳಬ್ಯಾಡ. ಮೊಬೈಲ್ ಇನ್ನಾ ಚಾಲೂ ಅದ," ಎಂದು ಎದ್ದು ಹೋಗಿ ಅದನ್ನು ಬಂದ್ ಮಾಡಿದಳು.

ನಾಲ್ಕು ಹೊಡೆಯುವ ಮೊದಲೇ ಹೊರಗೆ ಟೆಂಪೋ ಬಂದು ನಿಂತಿತು. ಮದುವೆಯವರು ಕೆಂಪು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಎತ್ತಿಕೊಂಡು ಬಂದು ಧಡಧಡ ಇಳಿಸತೊಡಗಿದರು. ಇನ್ನು ಬಾರಿಸುವ ಮಾತೇ ಇಲ್ಲ. "ಮೊದಲನೇದ್ದಾ ಕಳಸ್ತೀನಿ," ಎಂದಳು ಸುಮನ. "ಅದರಾಗ ನನ್ನ ದನಿ ಅದ!" "ಅದ." "ಫೇಲ್ ಮಾಡಿದ್ರ?" "ಮಾಡ್ಲಿ. ಮುಂದಿನ ವರ್ಷ ಮತ್ತ ಬಾರಸ್ತೀನಿ, ನೀ ಮತ್ತ ಒದರು." ಕುರ್ಚಿಗಳ ನಡುವೆಯೇ ಒಂದನ್ನು ಎಳೆದುಕೊಂಡು ಕೂತು, ಅವಳು ಮೊಬೈಲಿನಲ್ಲಿ ಅರ್ಜಿ ತುಂಬತೊಡಗಿದಳು. ಪುಟ ತಿರುವಿದವರ ಹೆಸರು. ಮಚ್ಛೇಂದ್ರ. ಸಂಬಂಧ. ತಂದೆ. ಬೇರೆ ಸದ್ದು ಇದ್ದರೆ ವಿವರಿಸಿ ಎಂಬಲ್ಲಿ ಬೆರಳು ನಿಂತಿತು. ಅಜೀಜ ಬಂದು ಅವಳ ಹಿಂದೆ ನಿಂತು ಇಣುಕಿದ. ಅವಳು ಸರಸರ ಇಂಗ್ಲಿಷಿನಲ್ಲಿ ಏನೋ ಬರೆದಳು. "ಏನ್ ಬರದಿ? ನಂಗೂ ಹೇಳು," ಎಂದ ಮಚ್ಛೇಂದ್ರ. ಅವಳು ಕನ್ನಡದಲ್ಲಿ ಓದಿದಳು. "ನಾಲ್ಕನೇ ನಿಮಿಷದಾಗ ಕೇಳೂ ದನಿ ನಮ್ಮಪ್ಪಂದು. ಅವರು ಪೇಟಿ ಬಾರ್ಸೋರು. ನಮ್ಮ ಕಡಿ ಚಲೋ ಬಂದಾಗ ಸುಮ್ಮ ಕುಂತ್ರ ಬಾರ್ಸೋರಿಗಿ ಅವಮಾನ ಮಾಡಿದಂಗ."

"ಬರೋಬರ್," ಎಂದ ಅಜೀಜ. ಸುಮನ ಮೊಬೈಲನ್ನು ಮಚ್ಛೇಂದ್ರನ ಮುಂದೆ ಹಿಡಿದಳು. ಕೆಳಗೆ ಒಂದು ನೀಲಿ ಗುಂಡಿ ಇತ್ತು. "ನೀನಾ ಒತ್ತು. ಒತ್ತಿದ್ರ ಹೋಯ್ತು ವಿಲಾಯತಿಗಿ." ಅವನು ತನ್ನ ಎರಡೂ ಕೈಯನ್ನು ನೋಡಿಕೊಂಡ. ಒಂದು ಸ್ವರ ಹಿಡಿದದ್ದು, ಒಂದು ಗಾಳಿ ಒತ್ತಿದ್ದು. "ಯಾವ ಕೈಲೆ ಒತ್ಲಿ?" ಎಂದು ಕೇಳಿದ. "ಯಾವುದಿದ್ರೂ ನಡೀತದ," ಎಂದಳು ಸುಮನ. ಅವನು ಎಡಗೈ ಮುಂದೆ ಮಾಡಿ, ಹೆಬ್ಬೆಟ್ಟನ್ನು ನಾಲಿಗೆಗೆ ಹಚ್ಚಿಕೊಂಡು, "ಉಗುಳು ಬ್ಯಾಡಪ್ಪಾ!" ಎಂದು ಅವಳು ಕೂಗುವುದರೊಳಗೆ ಒತ್ತಿಬಿಟ್ಟ.